ನಡುಚೀಲ

ಮೂವತ್ತೊಂದು ವರ್ಷ ವಿಜಾಪುರದ ಬಜಾರದಾಗ
ಚೀಲ ಚುಚ್ಚೇನಿ ನಾನು.
ನಡು ಟೊಳ್ಳ, ತುದಿ ಚೂಪ, ಗೇಣುದ್ದದ ಉಕ್ಕಿನ ಕೊಳವಿ
ಗೋಣಿ ಎಳಿ ಹರೀಲಾರದಂಗ ಒಳಗ ಹೋಗಬೇಕು,
ಒಂದು ಹಿಡಿ ಜ್ವಾಳ ಹೊತಗೊಂಡು ಹೊರಗ ಬರಬೇಕು,
ತೂತು ತಾನ ಮುಚ್ಚಿಕೊಳ್ಳಬೇಕು.
ಅಡತಿ ಮಂದಿ ಅಂತಾರ: ಗೈಬುಸಾಬನ ಕೈ ಅಂದ್ರ
ಚೀಲಕ್ಕೂ ಗೊತ್ತಾಗೂದಿಲ್ಲ.

ನನ್ನ ಕೊಳ್ಳಾಗಿನ ಗಂಟೂ ಹಂಗ,
ನನಗ ಗೊತ್ತಾಗಲಾರದಂಗ ಬಂತು.
ಮೊದಲ ತೊಗರಿಕಾಳು. ಆಮ್ಯಾಲ ಕಡ್ಲಿ.
ಮೊಹರಮ್ಮಿಗೆ ಎಳೀ ಲಿಂಬಿಕಾಯಿ.
ಕಟಿಂಗ್ ಮಾಡೂ ಶಂಕ್ರೆಪ್ಪ ಬೆರಳಿಟ್ಟು
"ಸಾಬರ, ಇಲ್ಲೇನೈತಿ?" ಅಂದ, ಕತ್ತರಿ ತಡದು.
ಕಾಸೀಂಬಿ ಸುಣ್ಣ ಬೆಲ್ಲ ಹಚ್ಚಿದಳು,
ಗಂಟಿಗೆ ಬೆಲ್ಲದ ರುಚಿ ಹತ್ತಿತು, ಅಷ್ಟ.

ದವಾಖಾನಿಯಾಗ ಡಾಕ್ಟರಬಾಯಿ, ನನ್ನ ಮಗಳ ವಯಸ್ಸು,
ಎರಡು ಬೆರಳ ನಡುವ ಗಂಟು ಹಿಡದು
"ಉಗುಳು ನುಂಗಬ್ಯಾಡ್ರಿ ಕಾಕಾ, ಮಾತಾಡಬ್ಯಾಡ್ರಿ" ಅಂದ್ಳು.
ಸೂಜಿ ಕೂದಲಿನಂಥಾದ್ದು.
ಹಿಂದ ಮುಂದ, ಹಿಂದ ಮುಂದ,
ದಿಕ್ಕು ಬದಲಿಸಿ ಮತ್ತೊಮ್ಮಿ.
ಅರೆ, ಇದು ನನ್ನ ಕೈಯ ಕಸಬು! ಅನಬೇಕಂದ್ರ
ನುಂಗಾಕೂ ಇಲ್ಲ, ಮಾತಾಡಾಕೂ ಇಲ್ಲ.
ಚೀಲಧಂಗ ಕುಂತೆ.

ಗಾಜಿನ ಮ್ಯಾಲ ಬಿದ್ದದ್ದು ಒಂದು ಹನಿ,
ಮಜ್ಜಿಗಿಗೆ ರಗತ ಕಲಿಸಿಧಂಗ.
ಇನ್ನೊಂದು ಗಾಜಿನಿಂದ ಸರ್ರಂತ ಸವರಿ
ಪೆನ್ಸಿಲ್ಲಿಲೆ ಹೆಸರು ಬರದ್ಳು. ಅಂಚು ಸಾಲಲಿಲ್ಲ:
ಗೈಬು ಅಷ್ಟ ಕುಂತಿತು,
ಸಾಬ ಹೊರಗುಳದ.

ಮೂರು ದಿನಕ್ಕ ಕಾಗದ ಬಂತು: ಮಾಲು ಸಾಲದು.
ಬರೇ ರಗತ, ಹಿಂಗ ಅಂತ ಹೇಳಾಕ ಬರೂದಿಲ್ಲ,
ಗಂಟು ಇಡಿಯಾಗಿ ತಗದು ನೋಡಬೇಕು.
ಕಾಸೀಂಬಿ ಗ್ವಾಡಿ ಹಿಡಕೊಂಡ್ಳು.

ನನಗ ಸಿಟ್ಟು ಬರಲಿಲ್ಲ.
ಮ್ಯಾಲ ಮುತ್ತಿನಂಥಾ ಮಾಲದಂಡಿ ಸುರುವಿ
ನಡುವ ನುಸಿ ತಿಂದದ್ದು ತುಂಬೂ ಮಂದಿ ನೋಡೇನಿ.
ಚುಚ್ಚಿದಲ್ಲಿ ಚಲೋ ಇದ್ದರ ಚೀಲ ಚಲೋ ಅಂತಲ್ಲ.
ಒಮ್ಮಿ ಬಬಲೇಶ್ವರ ಕಡೀದೊಂದು ಲಾಟು
ಐವತ್ತು ರೂಪಾಯಿ ತಗೊಂಡು
ಅಂಚಿಗಷ್ಟ ಚುಚ್ಚಿ ಪಾಸ್ ಮಾಡಿದ್ದೆ.
ಆ ನಡುಚೀಲದ ಕಾಡಿಗಿ ಯಾರ ರೊಟ್ಟಿಗೆ ಹೋತೋ.
ಆ ರಾತ್ರಿ ಅದೊಂದ ನೆನಪು.
ಅಲ್ಲಾ, ಎಷ್ಟು ಸಣ್ಣ ಲೆಕ್ಕಾನೂ ಬರದಿಟ್ಟೀಯಲ್ಲೋ ನೀನು.

ಕೊಯ್ದ ಗಂಟು ಬಾಟ್ಲಿಯಾಗ,
ಕಣ್ಣಿಗೆ ಚುರ್ರನ್ನೂ ನೀರಾಗ.
ಕೆಳಗಿನ ಖೋಲಿಗೆ ನಮ್ಮ ತಮ್ಮ ಒಯ್ಯತೀನಿ ಅಂದ, ಕೊಡಲಿಲ್ಲ.
ನನ್ನ ಮಾಲಿಗೆ ನಾನ ಹಮಾಲ.
ಅಲ್ಲಿ ಮಾಂತೇಶ ಅನ್ನೂ ಹುಡುಗ:
"ಮೇಣದಾಗ ಕೂಡಿಸಿ ಕೊಯ್ಯತೇವಿ ಕಾಕಾ,
ಉಳ್ಳಾಗಡ್ಡಿ ಪೊರಿಗಿಂತ ತೆಳ್ಳಗ.
ಆಮ್ಯಾಲ ಬಣ್ಣಾ ಕುಡಸತೇವಿ, ಗುಲಾಬಿ, ನೇರಳಿ."
"ಕುಡೀತಾವೇನು?"
"ಯಾವುದು ಎಷ್ಟು ಕುಡೀತು ಅಂತ ನೋಡೂದ ನಮ್ಮ ಕೆಲಸ."

ಎಂಟು ದಿನ ಕಾದೆ.
ಆ ಎಂಟು ದಿನ ಒಂದೊಂದು ಚೀಲಕ್ಕ ಮೂರು ಕಡೆ ಚುಚ್ಚಿದೆ:
ಬಾಯಿ, ನಡು, ಬುಡ.
ಸಾವಕಾರ ಬೈದ:
"ಏನೋ ಗೈಬು, ಚೀಲಾ ಜರಡಿ ಮಾಡತೀಯೇನು?"

ಡಾಕ್ಟರಬಾಯಿ ಕಾಗದ ಓದಿ ನಕ್ಕಳು,
ನಗಬಾರದಿತ್ತು ಅನಿಸಿ ನಿಂದರಿಸಿದಳು.
"ಕ್ಯಾನ್ಸರಲ್ಲ ಕಾಕಾ. ಟಿಬಿ.
ಹಿರ್‍ಯಾರು ಗಂಡಮಾಲಿ ಅಂತಿದ್ರಲ್ಲ, ಅದು.
ಆರು ತಿಂಗಳ ಗುಳಿಗಿ. ಒಂದು ದಿನಾನೂ ತಪ್ಪಿಸಬಾರದು."

ಮಾಂತೇಶನ ಕಡೆ ಹೋಗಿ ತೋರಸು ಅಂದೆ.
ಒಂದು ಕಣ್ಣು ಮುಚ್ಚಿ ಬಗ್ಗಿದೆ.
ನೇರಳಿ ಕಾಳಿನ ರಾಶಿ, ಕಣದಾಗ ಸುರುವಿಧಂಗ.
ನಟ್ಟ ನಡುವ ಕಾಳಿಲ್ಲ,
ಬರೇ ಗುಲಾಬಿ ಹಿಟ್ಟು.
"ನುಸಿ ಹೊಕ್ಕೈತಿ" ಅಂದೆ.
ಅವಾ ನನ್ನ ಮಾರಿ ನೋಡಿದ,
ಮತ್ತ ತಾನೂ ಬಗ್ಗಿ ನೋಡಿದ.

ಟಿಬಿಗೆ ಶುಕರ್ ಅಂದ ಹೆಣಮಗಳು
ಕಾಸೀಂಬಿ ಒಬ್ಬಾಕಿನ ಇರಬೇಕು.
ಬಸ್‌ಸ್ಟ್ಯಾಂಡಿನಾಗ ಪಾವಕಿಲೋ ಜಿಲೇಬಿ ತಗೊಂಡ್ಳು,
ಕಂಡಕ್ಟರಗೂ ಒಂದು ಕೊಟ್ಟಳು.
ಅವಾ ಯಾಕಂತ ಕೇಳಿದ.
ಚಿಲ್ಲರ ಕೊಡಪಾ ಮೊದಲ, ಅಂದ್ಳು.